ಗುಡುಗಿಗೆ ರೂಟರ್ ಹೋದ ಮೇಲೆ ರಿಮೋಟ್ ಡೆಸ್ಕ್‌ಟಾಪ್ ಸಿಗುತ್ತಿಲ್ಲ

ಪ್ರಶ್ನೆ (ಮೂಡಿಗೆರೆ ಕಡೆಯಿಂದ): ಸರ್, ನಮಸ್ಕಾರ. ನಮ್ಮದು ಸಣ್ಣ ಕಾಫಿ ತೋಟ. ಬಟವಾಡೆ ಲೆಕ್ಕವೆಲ್ಲ ಗೋಡೌನ್ ರೂಮಿನ ಕಂಪ್ಯೂಟರಿನಲ್ಲಿದೆ, ವಿಂಡೋಸ್ 11 ಪ್ರೊ. ಅಪ್ಪನಿಗೆ ಮಂಡಿ ನೋವು. ಮಳೆಯಲ್ಲಿ ಕಣ ದಾಟಿ ಹೋಗೋಕೆ ಆಗಲ್ಲ ಅಂತ ಮನೆಯ ಲ್ಯಾಪ್‌ಟಾಪಿನಿಂದಲೇ ರಿಮೋಟ್ ಡೆಸ್ಕ್‌ಟಾಪ್ ಹಾಕಿ ನೋಡುತ್ತಿದ್ದರು. ಹೋದ ತಿಂಗಳು ಗುಡುಗಿಗೆ ಗೋಡೌನಿನ ರೂಟರ್ ಸುಟ್ಟುಹೋಯಿತು. ಮನೆಯ ರೂಟರಿನಿಂದ ಬಂದ ಕೇಬಲ್ಲಿಗೇ ಹೊಸದು ಹಾಕಿದೆವು. ಎರಡೂ ಕಡೆ ಇಂಟರ್‌ನೆಟ್ ಬರುತ್ತೆ, ರಿಮೋಟ್ ಮಾತ್ರ ಕನೆಕ್ಟ್ ಆಗಲ್ಲ. ರಿಪೇರಿಯವರು ಫಾರ್ಮ್ಯಾಟ್ ಮಾಡಬೇಕು ಅಂದರು. ಮಾಡಿಸಲಾ?

ಉತ್ತರ: ಫಾರ್ಮ್ಯಾಟ್ ಖಂಡಿತ ಬೇಡ ಮೇಡಂ, ಲೆಕ್ಕಕ್ಕೆ ಕೈ ಹಚ್ಚಬೇಡಿ. ತೊಂದರೆ ಹೊಸ ರೂಟರಿನಲ್ಲೇ ಇರೋ ಹಾಗಿದೆ. ಎರಡೂ ಮಿಷನ್ನಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆಗೆದು ipconfig ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ. ಐಪಿವಿ4 (IPv4) ಸಾಲಿನಲ್ಲಿ ಏನಿದೆ ಹೇಳಿ, ಅದೇ ಆ ಮಿಷನ್ನಿನ ಐಪಿ, ಅಂದರೆ ನೆಟ್‌ವರ್ಕ್ ವಿಳಾಸ.

ಪ್ರಶ್ನೆ: ಮನೆಯದು 192.168.1.7, ಗೋಡೌನಿನದು 192.168.0.103.

ಉತ್ತರ: ಸಿಕ್ಕಿತು. ಚುಕ್ಕಿಗಳ ನಡುವಿನ ಮೂರನೇ ಸಂಖ್ಯೆ ನೋಡಿ, ಒಂದು ಕಡೆ 1, ಇನ್ನೊಂದು ಕಡೆ 0. ಹಳೇ ರೂಟರನ್ನು ಯಾರೋ ಆಕ್ಸೆಸ್ ಪಾಯಿಂಟ್ (ಬೇರೆ ನೆಟ್‌ವರ್ಕ್ ಕಟ್ಟದೆ ಮನೆಯದನ್ನೇ ಮುಂದುವರಿಸುವ ಹಾಗೆ) ಮಾಡಿಟ್ಟಿದ್ದರು. ಹೊಸದು ಡಬ್ಬದಿಂದ ತೆಗೆದ ಹಾಗೇ ಇದೆ, ತನ್ನದೇ ಬೇರೆ ನೆಟ್‌ವರ್ಕ್ ಕಟ್ಟಿಕೊಂಡಿದೆ. ಗೋಡೌನಿನಿಂದ ಮನೆ ಕಡೆಗೆ ದಾರಿ ಇದೆ, ಅದಕ್ಕೇ ಅಲ್ಲಿ ಇಂಟರ್‌ನೆಟ್ ಬರೋದು. ಮನೆಯಿಂದ ಗೋಡೌನಿಗೆ ಹೋಗುವ ದಾರಿಗೆ ಆ ರೂಟರೇ ಅಡ್ಡ ಬಾಗಿಲು.

ಹೊಸ ರೂಟರಿನ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ ಇದ್ದರೆ ಅದನ್ನು ಆರಿಸಿ, ಮುಗಿಯಿತು. ಇಲ್ಲದಿದ್ದರೆ ಮೊದಲು ಅದರ ಲ್ಯಾನ್ ಐಪಿಯನ್ನು, ಅಂದರೆ ಒಳ ನೆಟ್‌ವರ್ಕಿನಲ್ಲಿ ಆ ರೂಟರಿನ ವಿಳಾಸವನ್ನು, 192.168.1.2 ಮಾಡಿ (ಆ ನಂಬರ್ ಬೇರೆ ಯಾವುದಕ್ಕೂ ಇರಬಾರದು). ಆಮೇಲೆ ಡಿಎಚ್‌ಸಿಪಿ (ಮಿಷನ್ನುಗಳಿಗೆ ತಾನಾಗಿ ಐಪಿ ಹಂಚುವ ವ್ಯವಸ್ಥೆ) ಆಫ್ ಮಾಡಿ. ಕೊನೆಗೆ ಮನೆಯಿಂದ ಬಂದ ಕೇಬಲ್ಲನ್ನು ವ್ಯಾನ್ (WAN, ಇಂಟರ್‌ನೆಟ್ ಒಳಬರುವ) ಪೋರ್ಟಿನಿಂದ ಕಿತ್ತು ಲ್ಯಾನ್ (LAN) ಪೋರ್ಟಿಗೆ ಹಾಕಿ. ಇದೇ ಕ್ರಮದಲ್ಲಿ ಮಾಡಿ. ಡಿಎಚ್‌ಸಿಪಿ ಆನ್ ಇದ್ದಾಗಲೇ ಕೇಬಲ್ ಬದಲಿಸಿದರೆ ಮನೆಯ ಇಂಟರ್‌ನೆಟ್ಟೂ ಕೆಡಬಹುದು. ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ, ಹೊಸ ಐಪಿ ನೋಡಿ, ಅದನ್ನೇ ಲ್ಯಾಪ್‌ಟಾಪಿನಲ್ಲಿ ಕೊಡಿ.

ಪ್ರಶ್ನೆ: ಸರ್, ಈಗ ಲಾಗಿನ್ ಕೇಳುತ್ತಿದೆ! ಆದರೆ ಪಿನ್ ಹಾಕಿದರೆ ತಪ್ಪು ಅನ್ನುತ್ತೆ.

ಉತ್ತರ: ಪಿನ್ ನಡೆಯೋದು ಆ ಕಂಪ್ಯೂಟರ್ ಮುಂದೆ ಕೂತಾಗ ಮಾತ್ರ. ಇಲ್ಲಿ ಅಕೌಂಟಿನ ಪಾಸ್‌ವರ್ಡ್ ಬೇಕು. ಮೈಕ್ರೋಸಾಫ್ಟ್ ಅಕೌಂಟ್ ಆದರೆ ಹೆಸರಿನ ಜಾಗದಲ್ಲಿ ಪೂರ್ತಿ ಇಮೇಲ್ ಹಾಕಿ. ಇನ್ನೊಂದು ಮಾತು, ಕರೆಂಟ್ ಹೋಗಿ ಬಂದಾಗ ಐಪಿ ಬದಲಾಗಬಹುದು. ನಮ್ಮ ಮಲೆನಾಡಿನಲ್ಲಿ ಕರೆಂಟ್ ಹೋಗದ ದಿನ ಯಾವುದು ಹೇಳಿ? ಮನೆಯ ರೂಟರಿನಲ್ಲಿ ಗೋಡೌನ್ ಕಂಪ್ಯೂಟರಿಗೆ ಐಪಿ ರಿಸರ್ವ್ ಮಾಡಿಬಿಡಿ, ಆಗ ಯಾವಾಗಲೂ ಅದೇ ನಂಬರ್ ಸಿಗುತ್ತೆ. ಸ್ಲೀಪ್ ಕೂಡ ಆಫ್ ಇರಲಿ.

ಇನ್ನೊಬ್ಬರು (ಹಾಸನ): ಅಣ್ಣ, ನಾನು ಬೆಂಗಳೂರಿನಿಂದ ಮನೆ ಕಂಪ್ಯೂಟರ್ ನೋಡಬೇಕು. ರೂಟರಿನಲ್ಲಿ 3389 ಪೋರ್ಟ್ (ರಿಮೋಟ್ ಡೆಸ್ಕ್‌ಟಾಪ್ ಬಳಸುವ ದಾರಿ) ಹೊರಗಿನಿಂದ ಬರೋಕೆ ತೆರೆದಿಡಲಾ?

ಉತ್ತರ: ದಯವಿಟ್ಟು ಬೇಡ. ತೆರೆದಿರುವ 3389 ಹುಡುಕಿ ಪಾಸ್‌ವರ್ಡ್ ಒತ್ತಿ ನೋಡೋ ಪ್ರೋಗ್ರಾಂಗಳು ಹಗಲೂ ರಾತ್ರಿ ಓಡುತ್ತಿರುತ್ತವೆ. 2019ರಲ್ಲಿ ರಿಮೋಟ್ ಡೆಸ್ಕ್‌ಟಾಪಿನಲ್ಲೇ ಬ್ಲೂಕೀಪ್ ಅನ್ನೋ ದೋಷ ಸಿಕ್ಕಾಗ, ಬೆಂಬಲ ನಿಲ್ಲಿಸಿದ್ದ ಹಳೇ ವಿಂಡೋಸ್ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ಪ್ಯಾಚ್ (ದೋಷ ಸರಿಪಡಿಸುವ ಅಪ್‌ಡೇಟ್) ಬಿಡಬೇಕಾಯಿತು. ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್ ಹಾಕಿಕೊಳ್ಳಿ. ಪೋರ್ಟ್ ತೆರೆಯೋದೇ ಬೇಡ, ವಿಂಡೋಸ್ ಹೋಮ್ ಇದ್ದರೂ ನಡೆಯುತ್ತೆ.

ಪ್ರಶ್ನೆ: ಆಯಿತು ಸರ್! ಅಪ್ಪ ಈ ವಾರದ ಬಟವಾಡೆ ಪಟ್ಟಿಯನ್ನು ಒಲೆ ಪಕ್ಕ ಕೂತೇ ನೋಡಿದರು. ತುಂಬಾ ಥ್ಯಾಂಕ್ಸ್.

ಉತ್ತರ: ಬಹಳ ಖುಷಿ ಮೇಡಂ. ಇನ್ನು ಮೋಡ ಕಟ್ಟಿದರೆ ಪ್ಲಗ್ ಒಂದನ್ನೇ ಅಲ್ಲ, ಕಣ ದಾಟಿ ಬಂದ ಆ ನೆಟ್ ಕೇಬಲ್ಲನ್ನೂ ಎರಡು ಕಡೆ ಕಿತ್ತಿಡಿ. ಒಳಗಿರೋದು ತಾಮ್ರದ ತಂತಿ, ಸಿಡಿಲಿನ ಹೊಡೆತ ಅದರಲ್ಲೂ ಬರುತ್ತೆ. ಗುಡುಗು ಶುರುವಾದ ಮೇಲಂತೂ ಅದನ್ನು ಮುಟ್ಟಬೇಡಿ.