ಕಾರ್ಪೊರೇಟ್ ಕಮ್ಯುನಿಕೇಷನ್ ಅಂದರೆ ಪ್ರೆಸ್ ನೋಟ್ ಬರೆಯುವುದಷ್ಟೇನಾ?

ಕಾಸರಗೋಡಿನ ಕುಂಬಳೆಯಿಂದ ಪ್ರಶ್ನೆ: ಪತ್ರಿಕೋದ್ಯಮದಲ್ಲಿ ಎಂ.ಎ. ಮುಗಿಸಿದ್ದೇನೆ. ಮಂಗಳೂರಿನ ಒಂದು ಕಂಪನಿಯ ಕಮ್ಯುನಿಕೇಷನ್ ಟೀಮಿನಲ್ಲಿ ಕೆಲಸ ಸಿಕ್ಕಿದೆ. "ಪ್ರೆಸ್ ನೋಟ್ ಟೈಪ್ ಮಾಡ್ಲಿಕ್ಕೆ ಇಷ್ಟು ಓದಬೇಕಿತ್ತಾ" ಅಂತ ಮನೆಯಲ್ಲಿ ಕೇಳುತ್ತಾರೆ. ಒಳಗಿದ್ದವರು ಹೇಳಿ, ಸೇರಲಾ?

ಉಪ್ಪಳದಿಂದ: ಸೇರಿ ಮಾರಾಯ್ರೆ. ಹನ್ನೆರಡು ವರ್ಷದಿಂದ ನನ್ನದು ಇದೇ ಕೆಲಸ. ಮೊದಲೆಲ್ಲ ನಿರ್ಧಾರ ಮೇಲೆ ಆಗುತ್ತಿತ್ತು, ಕಾಗದ ಮಾತ್ರ ನಮ್ಮ ಟೇಬಲ್ಲಿಗೆ ಬರುತ್ತಿತ್ತು. ಅದು ಬದಲಾದದ್ದು ಒಂದು ನೋಟೀಸಿನಿಂದ.

ಆಗ ನಾನಿದ್ದ ಕಂಪನಿಯಲ್ಲಿ ಮೆಷಿನ್ ರಿಪೇರಿಗೆಂದು ಮೂರು ದಿನ ರಜೆ ಕೊಟ್ಟರು. ಮಲಯಾಳದಲ್ಲಿ ರಜೆಗೆ 'ಅವಧಿ' ಅಂತಾರಲ್ವಾ. ಆಫೀಸಿನವರು ಅದನ್ನೇ ಕನ್ನಡ ಅಕ್ಷರಕ್ಕಿಳಿಸಿ "ಕಾರ್ಮಿಕರಿಗೆ ಮೂರು ದಿನಗಳ ಅವಧಿ ನೀಡಲಾಗಿದೆ" ಅಂತ ಗೇಟಿಗೆ ಅಂಟಿಸಿದರು. ನಮ್ಮೂರಿನವರು ಹೇಗೋ ಊಹಿಸಿಯಾರು. ಘಟ್ಟದ ಮೇಲಿನಿಂದ ಬಂದವರಿಗೆ? ಮೂರು ದಿನ ಗಡುವು, ಆಮೇಲೆ ಮನೆಗೆ! ಮಧ್ಯಾಹ್ನದ ಊಟದ ಹೊತ್ತಿಗೆ ಅದರ ಫೋಟೋ ವಾಟ್ಸಾಪಿನಲ್ಲಿ ಮಂಜೇಶ್ವರ ದಾಟಿತ್ತು. ಸಂಜೆ ಯೂನಿಯನ್‌ನವರು ಬಂದರು. ಮಾಲು ಕೊಡುವವರು ಫೋನ್ ಮಾಡಿ ಬಾಕಿ ಕೇಳತೊಡಗಿದರು. (ಅದೇ ಗೇಟಿನಲ್ಲಿ "ಅನುವಾದವಿಲ್ಲದೆ ಒಳಗೆ ಪ್ರವೇಶಿಸಬಾರದು" ಅಂತ ಬೋರ್ಡು ಎಷ್ಟೋ ಕಾಲದಿಂದ ಇತ್ತು. ಮಲಯಾಳದಲ್ಲಿ ಅನುವಾದ ಅಂದರೆ ಅನುಮತಿ. ನಾವು ನಕ್ಕು ಸುಮ್ನಿದ್ದೆವು.)

ಹೊಸ ನೋಟೀಸನ್ನು ಯಾರೂ ನಂಬಲಿಲ್ಲ. ಕೊನೆಗೆ ಮ್ಯಾನೇಜರೇ ಶಿಫ್ಟ್ ಬಿಡುವ ಹೊತ್ತಿಗೆ ಗೇಟಿನಲ್ಲಿ ನಿಂತು, ಸಂಬಳದ ತಾರೀಕು ಸಮೇತ ಹೇಳಬೇಕಾಯಿತು. ಆಮೇಲಿಂದ ನಮ್ಮನ್ನು ಕರೆಯುವುದು ನಿರ್ಧಾರಕ್ಕೆ ಮೊದಲೇ. "ಇದನ್ನು ಯಾರು ಹೇಗೆ ತಗೊಳ್ತಾರೆ?" ಅಂತ ಕೇಳುತ್ತಾರೆ. ನಾವು ಬೇಡ ಅಂದದ್ದಕ್ಕೆ ಕಂಪನಿ ಬಸ್ಸು ನಿಲ್ಲಿಸುವ ಯೋಚನೆಯನ್ನೇ ಕೈಬಿಟ್ಟದ್ದೂ ಇದೆ.

ಬದಿಯಡ್ಕದವ, ಈಗ ಬೆಂಗಳೂರಲ್ಲಿ: ಶೇರು ಮಾರುಕಟ್ಟೆಯಲ್ಲಿರುವ ದೊಡ್ಡ ಕಂಪನಿಯಾದರೆ ನಿಯಮವೇ ನಿಮ್ಮನ್ನು ಒಳಗೆ ಕೂರಿಸುತ್ತದೆ. ಮಾಧ್ಯಮದಲ್ಲಿ ಬಂದ ಗಾಳಿಸುದ್ದಿಗೆ ಶೇರಿನ ಬೆಲೆ ಜೋರಾಗಿ ಅಲುಗಿದರೆ, 24 ಗಂಟೆಯೊಳಗೆ ಹೌದೋ ಅಲ್ಲವೋ ಹೇಳಬೇಕು, ಇಲ್ಲವೇ ಸ್ಪಷ್ಟನೆ ಕೊಡಬೇಕು. ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 100 ಕಂಪನಿಗಳಿಗೆ 2024ರ ಜೂನ್ 1ರಿಂದ, 250ರವರೆಗಿನವಕ್ಕೆ ಅದೇ ಡಿಸೆಂಬರ್ 1ರಿಂದ, ಶೇರು ಮಾರುಕಟ್ಟೆಯನ್ನು ನಿಯಂತ್ರಿಸುವ ಸೆಬಿ ಇದನ್ನು ತಂದಿದೆ. ರಾತ್ರಿ ಹತ್ತಕ್ಕೆ ಕಂಪನಿ ಸೆಕ್ರೆಟರಿ (ಕಂಪನಿ ನಿಯಮ ಪಾಲಿಸುವಂತೆ ನೋಡಿಕೊಳ್ಳುವವರು) ಫೋನ್ ಬಂದಾಗ, ವ್ಯವಹಾರವೇ ಗೊತ್ತಿಲ್ಲದವರು ಏನು ಬರೆಯುತ್ತಾರೆ? ಬ್ಯಾಲೆನ್ಸ್ ಶೀಟ್ ಓದಲು ಕಲಿಯಿರಿ. ನನಗೆ ಕಾಲೇಜಿನಲ್ಲಿ ಯಾರೂ ಹೇಳಲಿಲ್ಲ.

ಮುಳ್ಳೇರಿಯದಿಂದ: ಎಲ್ಲ ಕಡೆ ಹೀಗಿಲ್ಲ ಮಾರಾಯ್ರೆ. ನಾನು ಎರಡು ವರ್ಷ ಮಾಡಿದ್ದು ಹೂಗುಚ್ಛ ತರಿಸುವುದು, ಎಂಡಿ ಹುಟ್ಟುಹಬ್ಬದ ಫೋಟೋ ಪೇಪರಿಗೆ ಕಳಿಸುವುದು. ಸೇರುವ ಮೊದಲು ಇದೊಂದು ಕೇಳಿ: ನಿಮ್ಮ ಮೇಲಿನವರು ಎಂಡಿಯಾ, ಮಾರ್ಕೆಟಿಂಗಿನವರಾ? ಮಾರ್ಕೆಟಿಂಗ್ ಅಂದರೆ ಸಂಬಳವಾದರೂ ಸ್ವಲ್ಪ ಜಾಸ್ತಿ ಕೇಳಿ. ಮಲಯಾಳ, ತುಳು ಬರುತ್ತದೆ ಅಂತ ಬಯೋಡಾಟಾದಲ್ಲಿ ಹಾಕಿದ್ದೀರಲ್ವಾ?