ಪದಚರ್ಚೆ: ‘ಮುಕ್ತ ವ್ಯಾಪಾರ ಒಪ್ಪಂದ’ವೋ, ‘ಸುಂಕಮುಕ್ತ ಒಪ್ಪಂದ’ವೋ?

ಮಾನ್ಯರೇ,

ಇಂಗ್ಲಿಷಿನ ‘ಫ್ರೀ ಟ್ರೇಡ್ ಅಗ್ರಿಮೆಂಟ್’ಗೆ ಕನ್ನಡದಲ್ಲಿ ಏನೆನ್ನಬೇಕೆಂದು ತಾವು ಕೇಳಿದ್ದೀರಿ, ಮಿತ್ರರು ಹಲವು ಪದಗಳನ್ನು ಸೂಚಿಸಿದ್ದಾರೆ. ಮುಂಬಯಿಯ ಮಾಟುಂಗದ ಉಪನ್ಯಾಸದ ಫಲಕವು ನಾಳೆ ಸಂಜೆ ಅಚ್ಚಿಗೆ ಹೋಗಬೇಕಾಗಿರುವುದರಿಂದ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ‘ಮಿತ್ರರಾಷ್ಟ್ರಗಳ ನಡುವಣ ಮುಕ್ತ ವ್ಯಾಪಾರ ಒಪ್ಪಂದ: ಅಮೆರಿಕ ಮತ್ತು ಆಸ್ಟ್ರೇಲಿಯಾ’ ಎಂದು ಬರೆಯಿಸಿ. ತಾವು ಕಳಿಸಿದ ಕರಡಿನಲ್ಲಿ ‘ವ್ಯಾಪಾರ ಮುಕ್ತ ಒಪ್ಪಂದ’ ಎಂದಿದೆ; ದಯವಿಟ್ಟು ಅದು ಹಾಗೆಯೇ ಅಚ್ಚಾಗದಿರಲಿ. ‘ಮುಕ್ತ’ವು ಪೂರ್ವಪದವಾದಾಗ ತಡೆಯಿಲ್ಲದ್ದು ಎಂದಾಗುತ್ತದೆ, ಉತ್ತರಪದವಾದಾಗ ಹಿಂದಿನ ಪದದಿಂದ ಬಿಡುಗಡೆ ಪಡೆದದ್ದು ಎಂದಾಗುತ್ತದೆ. ಋಣಮುಕ್ತನಿಗೆ ಋಣವಿಲ್ಲ, ರೋಗಮುಕ್ತನಿಗೆ ರೋಗವಿಲ್ಲ. ವ್ಯಾಪಾರಮುಕ್ತ ಒಪ್ಪಂದದಲ್ಲಿ ವ್ಯಾಪಾರವೇ ಇರುವುದಿಲ್ಲ.

‘ಸುಂಕಮುಕ್ತ ಒಪ್ಪಂದ’ ಎಂಬ ಸಲಹೆ ವ್ಯಾಕರಣಕ್ಕೆ ಒಗ್ಗುತ್ತದೆ, ವಾಸ್ತವಕ್ಕೆ ಒಗ್ಗುವುದಿಲ್ಲ. ಉಪನ್ಯಾಸದ ವಿಷಯವಾದ ಆ ಒಪ್ಪಂದಕ್ಕೆ 2004ರ ಮೇ 18ರಂದು ಸಹಿ ಬಿದ್ದು, 2005ರ ಜನವರಿ 1ರಿಂದ ಅದು ಜಾರಿಗೆ ಬಂತು. ಅಮೆರಿಕವು ಸಕ್ಕರೆಯನ್ನು ಅದರಿಂದ ಹೊರಗೇ ಇಟ್ಟಿತು; ಗೋಮಾಂಸದ ಮೇಲಿನ ನಿರ್ಬಂಧ ತೆಗೆಯಲು 18 ವರ್ಷಗಳ ಹಂತಗಳನ್ನು ಹಾಕಿಕೊಂಡಿತು. 2012ರ ಮಾರ್ಚ್ 15ರಿಂದ ಜಾರಿಯಾದ ಅಮೆರಿಕ–ದಕ್ಷಿಣ ಕೊರಿಯಾ ಒಪ್ಪಂದದಲ್ಲಿ ಹೊರಗುಳಿದದ್ದು ಅಕ್ಕಿ. ಸುಂಕ ಮತ್ತು ವ್ಯಾಪಾರ ಕುರಿತ ಅಂತರರಾಷ್ಟ್ರೀಯ ಒಪ್ಪಂದವಾದ 1947ರ ಗ್ಯಾಟ್‌ನ 24ನೆಯ ವಿಧಿಯೂ ಹೆಚ್ಚುಕಡಿಮೆ ಎಲ್ಲ ವ್ಯಾಪಾರದ ಮೇಲಿನ ಸುಂಕ ಹೋಗಬೇಕೆಂದು ಹೇಳುತ್ತದೆಯೇ ಹೊರತು ಎಲ್ಲವೂ ಎನ್ನುವುದಿಲ್ಲ. ಬಲ್ಲಾರ್ಡ್ ಎಸ್ಟೇಟಿನ ಒಂದು ಕ್ಲಿಯರಿಂಗ್ ಕಚೇರಿಯಲ್ಲಿ, ಎಂದರೆ ಬಂದರಿನ ಸರಕನ್ನು ಸುಂಕದವರಿಂದ ಬಿಡಿಸಿಕೊಡುವಲ್ಲಿ, ನಾನು ವರ್ಷಗಟ್ಟಲೆ ಕಾಗದಪತ್ರ ನೋಡಿದವನು. ಒಪ್ಪಂದವಿದ್ದ ದೇಶದಿಂದಲೇ ಬಂದ ಸರಕಾದರೂ ಅದು ಅಲ್ಲಿಯೇ ತಯಾರಾದದ್ದೆಂಬ ಮೂಲದೇಶದ ಪ್ರಮಾಣಪತ್ರ ಸರಿಯಿಲ್ಲದೆ ಪೂರ್ತಿ ಸುಂಕ ಕಟ್ಟಿದ ಕಡತಗಳು ನನ್ನ ಕೈಯಿಂದಲೇ ಹೋಗಿವೆ. ಅಂಥದ್ದನ್ನು ಸುಂಕಮುಕ್ತ ಎಂದು ಬರೆಯಲು ನನಗೆ ಮನಸ್ಸು ಬಾರದು.

‘ಸುಂಕ’ದ ಬದಲು ‘ಸೀಮಾಶುಲ್ಕ’ ಎಂಬ ಸಲಹೆಯೂ ಬೇಡ. ಕಸ್ಟಮ್ ಹೌಸಿನ ಹಿಂದಿ ಫಲಕದಲ್ಲಿ ಹಾಗಿದೆ ಎಂಬುದು ಕನ್ನಡಕ್ಕೆ ಕಾರಣವಾಗಲಾರದು. ಸಂಸ್ಕೃತದ ‘ಶುಲ್ಕ’ವೇ ಪ್ರಾಕೃತದಲ್ಲಿ ‘ಸುಂಕ’ವಾಗಿ ನಮಗೆ ಬಂದಿದೆ, ತೆಲುಗಿನ ‘ಸುಂಕಮು’, ತಮಿಳಿನ ‘ಶುಂಗಮ್’ ಅದರ ದಾಯಾದಿಗಳು. ಕಲ್ಯಾಣದ ಚಾಲುಕ್ಯರ ಶಾಸನಗಳಲ್ಲಿ ‘ಪೆರ್ಜುಂಕ’, ‘ವಡ್ಡರಾವುಳ’ ಎಂಬ ತೆರಿಗೆಗಳು ಕಾಣುತ್ತವೆ, ಅವನ್ನು ನೋಡಿಕೊಳ್ಳುವ ಅಧಿಕಾರಿ ‘ಸುಂಕವೆರ್ಗಡೆ’ಯೂ ಕಾಣುತ್ತಾನೆ. ‘ಪೆರ್’ (ಹಿರಿದು) ಎಂಬ ಅಚ್ಚಗನ್ನಡದ ಮುಂದೆ ಸಕಾರವು ಜಕಾರವಾಗಿ ಬೆಸೆದುಕೊಂಡಿರುವುದನ್ನು ನೋಡಿ! ಇಷ್ಟು ಒಳಗೆ ಇಳಿದ ಮೇಲೆ ಅದನ್ನು ಎರವಲು ಎನ್ನುವುದು ಹೇಗೆ? ಇಂದು ಶಾಲೆಗೆ ಕಟ್ಟುವುದು ಶುಲ್ಕ, ಬಂದರಿನಲ್ಲಿ ಕಟ್ಟುವುದು ಸುಂಕ; ತತ್ಸಮ ತದ್ಭವಗಳೆರಡೂ ಕೆಲಸ ಹಂಚಿಕೊಂಡಿರುವಾಗ ಅವನ್ನು ಮತ್ತೆ ಕಲಸಬಾರದು.

ಅಚ್ಚಗನ್ನಡದ ಹಟದಿಂದ ‘ಬಿಡುಮಾರಾಟದ ಒಪ್ಪಂದ’ ಎಂದವರಿಗೆ ಒಂದೇ ಮಾತು. ಓದುಗನು ಅದನ್ನು ಬಿಡಿ ಮಾರಾಟವೆಂದೇ ಓದುತ್ತಾನೆ. ಅಲ್ಲಿಗೆ ಆ ಪದದ ಕಥೆ ಮುಗಿಯಿತು.

ಪುಣೆಯ ಮಿತ್ರರು ಮರಾಠಿ ಪತ್ರಿಕೆಗಳ ‘ಮುಕ್ತ ವ್ಯಾಪಾರ ಕರಾರ್’ ನೋಡಿ ‘ಕರಾರು’ ಸಾಕೆಂದಿದ್ದಾರೆ, ಅದಕ್ಕೆ ಇನ್ನೊಬ್ಬರು ಮರಾಠಿಯ ಎಂಜಲು ಬೇಡವೆಂದಿದ್ದಾರೆ. ಈ ಎರಡನೆಯ ಮಾತು ನನಗೆ ನೋವು ತಂದಿತು. ‘ಕರಾರು’ ಅರಬ್ಬಿಯಿಂದ ಪಾರಸಿಯ ಮೂಲಕ ಬಂದ ಪದ. ಮರಾಠಿಗೂ ನಮಗೂ ಅದರ ಮೇಲೆ ಸಮಾನ ಹಕ್ಕಿದೆ. ಊರೊಳಗೆ ಬರುವ ಸರಕಿನ ಮೇಲಿನ ತೆರಿಗೆಯಾದ ‘ಜಕಾತಿ’ಯೂ ಹಾಗೆಯೇ. 2017ರ ಜುಲೈ 1ರಂದು ಜಿಎಸ್‌ಟಿ ಬಂದು ಮುಂಬಯಿಯ ಜಕಾತಿ ನಿಂತುಹೋದರೂ, ವಿಜಯಪುರದ ಕಡೆಯ ಟೆಂಪೊ ಚಾಲಕರು ಮುಲುಂಡಿನಲ್ಲಿ ಅದನ್ನು ವಸೂಲು ಮಾಡುತ್ತಿದ್ದ ಜಾಗವನ್ನು ಇಂದಿಗೂ ‘ಜಕಾತಿ ನಾಕಾ’ ಎಂದೇ ಕರೆಯುತ್ತಾರೆ, ಮತ್ತು ಅದು ಸರಿಯಾದ ಕನ್ನಡವೇ. ನನ್ನ ಆಕ್ಷೇಪ ಬೇರೆ: ಕನ್ನಡದಲ್ಲಿ ಕರಾರು ಬಾಡಿಗೆಮನೆಗೆ ಅಂಟಿಕೊಂಡಿದೆ, ‘ಒಂದು ಕರಾರಿನ ಮೇಲೆ’ ಎಂದಾಗ ಷರತ್ತಿನ ಅರ್ಥವನ್ನೂ ಹೊತ್ತಿದೆ. ದೇಶದೇಶಗಳ ನಡುವಿನದಕ್ಕೆ ‘ಒಪ್ಪಂದ’ವೇ ರೂಢಿ.

‘ಮಿತ್ರರಾಷ್ಟ್ರ’ವೆಂದರೆ ಬರಿಯ ಸ್ನೇಹ, ಸೈನಿಕ ಮೈತ್ರಿಯಲ್ಲ ಎಂಬ ಶಂಕೆಯಲ್ಲಿ ಹುರುಳಿದೆ. ಈ ಎರಡು ದೇಶಗಳನ್ನು 1951ರ ಆನ್ಜಸ್ (ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಅಮೆರಿಕ) ರಕ್ಷಣಾ ಒಪ್ಪಂದ ಕಟ್ಟಿಹಾಕಿದೆ. ಆದರೆ ಎರಡನೆಯ ಮಹಾಯುದ್ಧದ ಪಾಠದಲ್ಲಿ ನಾವೆಲ್ಲ ಓದಿದ್ದು ‘ಮಿತ್ರರಾಷ್ಟ್ರಗಳು’ ಎಂದೇ ಆದುದರಿಂದ, ಅದು ಆ ಭಾರವನ್ನು ಹೊರಬಲ್ಲದು.

ಕೊನೆಯದಾಗಿ, ದಾದರಿನ ಅಚ್ಚುಕೂಟದವರಿಗೆ ಕನ್ನಡ ಬಾರದು. ಪಠ್ಯವನ್ನು ಟೈಪಿಸಿದ ಕಡತವಾಗಿ ಕೊಡದೆ ಚಿತ್ರವಾಗಿಯೇ ಕೊಡಿ. ಇಲ್ಲವಾದರೆ ‘ಕ್ತ’ದ ಒತ್ತು ಕಳಚಿ ಪಕ್ಕಕ್ಕೆ ಬೀಳುತ್ತದೆ. ‘ಮುಕ್ತ ವ್ಯಾಪಾರ’ ಒಂದೇ ಸಾಲಿನಲ್ಲಿರಲಿ.