ಸಹಾಯ ಬೇಕು: ಶೀಟ್ ಫಿಲ್ಮ್‌ನಲ್ಲಿ ಆಕಾಶದ ಭಾಗ ಸಮವಾಗಿ ಡೆವಲಪ್ ಆಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಾನು 4×5 ಇಂಚಿನ ಕಪ್ಪು-ಬಿಳುಪು ಶೀಟ್ ಫಿಲ್ಮ್‌ಗಳನ್ನು ಸ್ಟೀಲ್ ಹ್ಯಾಂಗರ್‌ಗಳಲ್ಲಿ ಸಿಕ್ಕಿಸಿ, ತೆರೆದ ಟ್ಯಾಂಕಿನಲ್ಲಿ 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಡಿ-76 ಎಂಬ ಡೆವಲಪರ್ (ಫಿಲ್ಮ್ ಮೇಲೆ ಚಿತ್ರ ಮೂಡಿಸುವ ರಾಸಾಯನಿಕ) ದ್ರಾವಣದಿಂದ ಡೆವಲಪ್ ಮಾಡುತ್ತಿದ್ದೇನೆ. ಗಿಡಮರ, ಕಲ್ಲುಬಂಡೆಗಳಂತಹ ವಿವರ ತುಂಬಿದ ಭಾಗಗಳಲ್ಲಿ ಯಾವ ದೋಷವೂ ಕಾಣುವುದಿಲ್ಲ. ಆದರೆ ಆಕಾಶದಂತಹ ಏಕರೂಪದ ವಿಸ್ತಾರಗಳಲ್ಲಿ ನೆಗೆಟಿವ್‌ನ ಅಂಚುಗಳು ನಡುಭಾಗಕ್ಕಿಂತ ದಟ್ಟವಾಗುತ್ತವೆ, ಹ್ಯಾಂಗರ್‌ನ ರಂಧ್ರಗಳ ನೇರಕ್ಕೆ ಗೆರೆಗಳೂ ಮೂಡುತ್ತವೆ. ಮೇಲೆ ಕೆಳಗೆ ಆಡಿಸುವಾಗ ದ್ರಾವಣವು ರಂಧ್ರಗಳ ಮೂಲಕ ರಭಸದಿಂದ ನುಗ್ಗಿ, ಆ ಜಾಗಕ್ಕೆ ಮಾತ್ರ ಹೊಸ ಡೆವಲಪರ್ ಹೆಚ್ಚಾಗಿ ತಲುಪುವುದೇ ಇದಕ್ಕೆ ಕಾರಣವೆಂದು ನನಗೆ ಅನ್ನಿಸುತ್ತದೆ. ಹಾಗೆಂದು ಆಡಿಸುವುದನ್ನು ತೀರಾ ಕಡಿಮೆ ಮಾಡಿದರೆ, ಬಳಕೆಯಾದ ಡೆವಲಪರ್ ಫಿಲ್ಮ್‌ನ ಮೇಲೆಯೇ ನಿಂತು ಕಲೆಗಳಾಗುವ ಭಯವಿದೆ.

ಹ್ಯಾಂಗರ್‌ಗಳನ್ನು ಪೂರ್ತಿ ಮೇಲೆತ್ತಿ, ಒಮ್ಮೆ ಎಡಮೂಲೆಯಿಂದ, ಇನ್ನೊಮ್ಮೆ ಬಲಮೂಲೆಯಿಂದ ಬಸಿದು ನಿಧಾನವಾಗಿ ಇಳಿಸುವ ಕ್ರಮದಿಂದ ಈ ಗೆರೆಗಳು ನಿಜವಾಗಿಯೂ ಹೋಗುತ್ತವೆಯೇ? ದ್ರಾವಣವನ್ನು ಒಂದಕ್ಕೊಂದು ಪಾಲು ನೀರು ಬೆರೆಸಿ ತೆಳುವಾಗಿಸಿ ಸಮಯವನ್ನು ಹೆಚ್ಚಿಸುವುದು, ಮೊದಲೇ ಫಿಲ್ಮ್ ಅನ್ನು ನೀರಿನಲ್ಲಿ ನೆನೆಸುವುದು, ಇವೆರಡರಲ್ಲಿ ಯಾವುದು ಹೆಚ್ಚು ಫಲ ಕೊಟ್ಟಿದೆ? ಟ್ರೇಯಲ್ಲಿ ಹಾಳೆಗಳನ್ನು ಕೆಳಗಿನಿಂದ ಮೇಲಕ್ಕೆ ಸರದಿಯಂತೆ ಬದಲಿಸುವ ವಿಧಾನವೇ ಉತ್ತಮವೆಂದಾದರೆ, ಕತ್ತಲಲ್ಲಿ ಎಮಲ್ಷನ್ (ಫಿಲ್ಮ್ ಮೇಲಿನ, ಚಿತ್ರ ಮೂಡುವ ಪದರ) ಗೀಚದಂತೆ ಒಮ್ಮೆಗೆ ಎಷ್ಟು ಹಾಳೆಗಳನ್ನು ನಿಭಾಯಿಸಬಹುದು ಎಂಬುದನ್ನು ಅನುಭವಸ್ಥರು ದಯವಿಟ್ಟು ತಿಳಿಸಬೇಕು.